ಜ್ವರ ಘಟಕದ ಹಳದಿ ಕಾರ್ಡು

ದಕ್ಷಿಣ ಕನ್ನಡದ ಒಂದು ತಾಲ್ಲೂಕು ಪೇಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಸಣ್ಣ ಮುದ್ರಣಾಲಯ ನಡೆಸುತ್ತಿದ್ದೇನೆ. ಮದುವೆಯ ಕರೆಯೋಲೆ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ, ಇವೇ ನಮ್ಮ ಕೆಲಸ. ಯಾವ ಕಾಗದ ಕೈಗೆ ಬಂದರೂ ಮೊದಲು ಬೆರಳಿನಿಂದ ಉಜ್ಜಿ ನೋಡುತ್ತೇನೆ. 2024ರ ಜುಲೈಯಲ್ಲಿ ನನ್ನ ಯಜಮಾನರಿಗೆ ಡೆಂಗಿ ಬಂದಾಗ ಒಂದು ಆಸ್ಪತ್ರೆಯ ಜ್ವರ ಘಟಕದವರು ಕೊಟ್ಟ ಹಳದಿ ಕಾರ್ಡನ್ನೂ ಹಾಗೆಯೇ ಉಜ್ಜಿ ನೋಡಿದ್ದೆ. ಆ ಕಾರ್ಡು ಮತ್ತು ಆ ಘಟಕದ ಬಗ್ಗೆ ಬರೆಯಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಈಗ ಮತ್ತೆ ಮಳೆ ಹಿಡಿದಿದೆ, ಅಂಗಡಿಗೆ ಬರುವವರಲ್ಲಿ ಇಬ್ಬರಿಗೊಬ್ಬರು ಮನೆಯ ಜ್ವರದ ಮಾತನ್ನೇ ಆಡುತ್ತಿದ್ದಾರೆ. ಇನ್ನು ತಡ ಮಾಡುವುದು ಸರಿಯಲ್ಲ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿರುವುದು ಹದಿನಾಲ್ಕೇ ಹಾಸಿಗೆ, ಮಳೆಗಾಲದಲ್ಲಿ ಅದಕ್ಕೇ ಸಾಲು ನಿಲ್ಲುತ್ತದೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಅದಕ್ಕಿಂತ ಮೊದಲು ನಾವು ಹೋಗಿದ್ದ ಜಾಗದ ಹೆಸರನ್ನೂ ಬರೆಯುವುದಿಲ್ಲ, ಅದಕ್ಕೆ ಕಾರಣ ಬೇರೆ. ಅಲ್ಲಿ ನಡೆದಂಥದ್ದು ಎಲ್ಲಿ ಬೇಕಾದರೂ ನಡೆಯುತ್ತದೆ.

ಇವರಿಗೆ ಆಗ 61 ವರ್ಷ. ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಆರು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿಕೊಂಡಿದ್ದರು. ಅಂದಿನಿಂದ ರಕ್ತ ತೆಳುವಾಗಿಸುವ ಆಸ್ಪಿರಿನ್ ಮಾತ್ರೆ ದಿನವೂ ರಾತ್ರಿ, ಹೃದಯ ಬಡಿತ ಹತೋಟಿಯಲ್ಲಿಡುವ ಮೆಟೊಪ್ರೊಲಾಲ್ ಬೆಳಿಗ್ಗೆ. ಇದನ್ನೆಲ್ಲ ಆರಂಭದಲ್ಲೇ ಏಕೆ ಹೇಳುತ್ತಿದ್ದೇನೆಂದರೆ, ಜ್ವರ ಬಂದ ಮೊದಲ ಮೂರು ದಿನ ಇದನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಜ್ವರಕ್ಕೂ ಸ್ಟೆಂಟಿಗೂ ಏನು ಸಂಬಂಧ ಎಂದುಕೊಂಡಿದ್ದೆವು.

ಗುರುವಾರ ಸಂಜೆ ಚಳಿಯೊಂದಿಗೆ ಜ್ವರ ಶುರುವಾಯಿತು. ಕಣ್ಣಿನ ಹಿಂಭಾಗ ಒತ್ತಿದಂತೆ ನೋವು, ಸೊಂಟ ಮುರಿದಂತೆ ಮೈಕೈ ನೋವು. ಶುಕ್ರವಾರ ಪೇಟೆಯ ಔಷಧದ ಅಂಗಡಿಯಿಂದ ನಾನೇ ಮೈಕೈ ನೋವಿನ ಮಾತ್ರೆ ತಂದು ಎರಡು ಸಲ ಕೊಟ್ಟೆ. ಶನಿವಾರ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆವು. ರಕ್ತ ತೆಗೆದರು, ಡೆಂಗಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1 ಪಾಸಿಟಿವ್ ಬಂತು. ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಟ್ಟರು. ‘ಪ್ಲೇಟ್‌ಲೆಟ್ 1,42,000 ಇದೆ, ಏನೂ ತೊಂದರೆ ಇಲ್ಲ, ಪಪ್ಪಾಯಿ ಎಲೆಯ ರಸ ಕುಡಿಸಿ, ಮೂರು ದಿನ ಬಿಟ್ಟು ಬನ್ನಿ’ ಎಂದರು. ಕಾರ್ಡ್ ಪರೀಕ್ಷೆಗೆ 750 ರೂಪಾಯಿ ತೆಗೆದುಕೊಂಡರು. ಆ ತಿಂಗಳ ಆರಂಭದಲ್ಲೇ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತುಪಡಿಸಿತ್ತು: ರ್‍ಯಾಪಿಡ್ ಕಾರ್ಡ್ ಪರೀಕ್ಷೆಗೆ 250, ಎಲೈಸಾ ವಿಧಾನದ ಎನ್‌ಎಸ್1 ಮತ್ತು ಹೊಸ ಸೋಂಕಿನ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಗಳಿಗೆ ತಲಾ 300 ರೂಪಾಯಿ. ನನಗೆ ಅದು ಗೊತ್ತಾದದ್ದು ಆಮೇಲೆ. ಹಣದ ಬೇಸರ ದೊಡ್ಡದಲ್ಲ. ಆ ಅರ್ಧ ಗಂಟೆಯಲ್ಲಿ ನಾಲ್ಕು ಜನ ಇವರನ್ನು ನೋಡಿದರು, ಒಬ್ಬರೂ ‘ನೀವು ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದು ಕೇಳಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಇಂಥ ಪ್ರಶ್ನೆಗಳನ್ನು ಮೊದಲು ಕೇಳಿದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಭಾನುವಾರ ಬೆಳಿಗ್ಗೆ ಜ್ವರದ ಸಮೀಕ್ಷೆಗೆ ಬಂದಿದ್ದರು. ಹಿತ್ತಲಿನಲ್ಲಿ ಅಡಿಕೆ ಹಾಳೆಗಳು ಅಂಗಾತ ಬಿದ್ದು ಒಂದೊಂದರಲ್ಲೂ ಅಂಗೈಯಷ್ಟು ನೀರು ನಿಂತಿತ್ತು. ಅದನ್ನು ಟಾರ್ಚು ಹಾಕಿ ನೋಡಿದರು. ಲಾರ್ವಾಗಳು ಕುಣಿಯುತ್ತಿದ್ದವು. ನಮ್ಮ ಕಡೆ ಹಾಳೆಯೂ ರಬ್ಬರ್ ತೋಟದ ಚಿಪ್ಪುಗಳೂ ಸೊಳ್ಳೆಗೆ ತೊಟ್ಟಿಲಿದ್ದ ಹಾಗೆ. ಅವನ್ನೆಲ್ಲ ಕವುಚಿ ಹಾಕಿ ಒಳಗೆ ಬಂದವರು ಇವರು ಮಲಗಿದ್ದನ್ನು ಕಂಡರು. ಬಾಗಿಲ ಬಳಿ ನಿಂತೇ ನಾಲ್ಕು ಪ್ರಶ್ನೆ ಕೇಳಿದರು. ವಯಸ್ಸು, ಸಕ್ಕರೆ, ಬಿಪಿ, ಸ್ಟೆಂಟ್. ನಂತರ ನನ್ನತ್ತ ತಿರುಗಿ, ‘ಅಕ್ಕಾ, ಇವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಇವತ್ತೇ ಕರೆದುಕೊಂಡು ಹೋಗಿ’ ಎಂದು ಆ ಘಟಕದ ದಾರಿ ಹೇಳಿದರು. ಇವರಿಗೆ ಆಗ ವಾಂತಿಯೂ ಇರಲಿಲ್ಲ, ರಕ್ತಸ್ರಾವವೂ ಇರಲಿಲ್ಲ. ಸಾಮಾನ್ಯ ಜ್ವರದಂತೆಯೇ ಕಾಣುತ್ತಿತ್ತು. ಅಷ್ಟಕ್ಕೆ ಇಪ್ಪತ್ತೆಂಟು ಕಿಲೋಮೀಟರ್ ಏಕೆ ಹೋಗಬೇಕು ಎಂದು ಇವರು ಹಟ ಹಿಡಿದರು. ನಾನು ಜೀಪಿಗೆ ಹೇಳಿ ಕಳುಹಿಸಿದೆ.

ಇನ್ನು ಘಟಕದ ಬಗ್ಗೆ. ಒಂದು ಟ್ರಸ್ಟಿನ ಆಸ್ಪತ್ರೆ, ಹಳೆಯ ಹೆಂಚಿನ ಕಟ್ಟಡ. ಮುಖ್ಯ ಬಾಗಿಲಿನ ಎಡಗಡೆ ಜ್ವರ ಬಂದವರಿಗಾಗಿಯೇ ಬೇರೆ ಕಿಟಕಿ. ಅಲ್ಲಿ ಕುಳಿತಿದ್ದ ನರ್ಸ್ ಪ್ಲೇಟ್‌ಲೆಟ್ ವರದಿಯನ್ನು ಕೈಗೆ ತೆಗೆದುಕೊಂಡರೂ ಓದಲಿಲ್ಲ, ಪಕ್ಕಕ್ಕಿಟ್ಟರು. ಹಳದಿ ಕಾರ್ಡು ಎಳೆದುಕೊಂಡು ಅದರ ಹಿಂಬದಿಯ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. 60 ದಾಟಿದೆಯೇ. ಸಕ್ಕರೆ, ಬಿಪಿ ಇದೆಯೇ. ಹೃದಯ, ಮೂತ್ರಪಿಂಡ, ಯಕೃತ್ತು, ಉಬ್ಬಸದ ತೊಂದರೆ ಇದೆಯೇ. ಹೊಟ್ಟೆಯ ಹುಣ್ಣು ಇತ್ತೇ. ತೂಕ ಎಷ್ಟು. ಹೆಂಗಸರಾದರೆ ಗರ್ಭಿಣಿಯೇ, ಮುಟ್ಟಿನ ಸಮಯವೇ. ಹಿಂದೆ ಡೆಂಗಿ ಬಂದಿತ್ತೇ. ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ, ಸ್ಟಿರಾಯ್ಡ್ ತೆಗೆದುಕೊಂಡಿದ್ದೀರಾ. ಕೊನೆಯ ಪ್ರಶ್ನೆ ನನ್ನನ್ನು ಬೆರಗಾಗಿಸಿತು: ಮನೆಯಲ್ಲಿ ಒಬ್ಬರೇ ಇರುವುದೇ, ರಾತ್ರಿ ಹೊತ್ತು ಆಸ್ಪತ್ರೆಗೆ ಬರಲು ವಾಹನ ಇದೆಯೇ. ಕಾಯಿಲೆಯ ಅಪಾಯದ ಲೆಕ್ಕದಲ್ಲಿ ಮನೆಯ ದೂರವೂ ಸೇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಿಂದೆ ಡೆಂಗಿ ಬಂದಿತ್ತೇ ಎಂದಾಗ ಇವರು ಸ್ವಲ್ಪ ಹೆಮ್ಮೆಯಿಂದಲೇ, ‘2019ರಲ್ಲಿ ಬಂದು ಹೋಗಿದೆ, ಹಾಗಾಗಿ ನನಗೆ ಭಯವಿಲ್ಲ’ ಎಂದರು. ಆ ವರ್ಷ ಮಂಗಳೂರಿನಲ್ಲಿ ಡೆಂಗಿ ಜೋರಾಗಿತ್ತು, ಇವರು ತಂಗಿಯ ಮನೆಯಲ್ಲಿದ್ದಾಗ ಬಂದ ಜ್ವರ ವಾರದಲ್ಲಿ ವಾಸಿಯಾಗಿತ್ತು. ನರ್ಸ್ ಕೆಂಪು ಪೆನ್ನಿನಿಂದ ಅದರ ಮುಂದೆ ಗುರುತು ಹಾಕಿದರು. ಆಮೇಲೆ ವೈದ್ಯೆ ಬಿಡಿಸಿ ಹೇಳಿದರು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದೇ ಬಗೆಯ ವಿರುದ್ಧ ದೇಹಕ್ಕೆ ಬಹುಕಾಲದ ರಕ್ಷಣೆ ಸಿಗುತ್ತದೆ. ಆದರೆ ಎರಡನೆಯ ಸಲ ಬೇರೆ ಬಗೆ ಹೊಕ್ಕರೆ, ಹಳೆಯ ಪ್ರತಿಕಾಯಗಳು ಹೊಸ ವೈರಸ್ಸನ್ನು ಹೊಡೆದುಹಾಕಲಾರವು. ಅದಕ್ಕೆ ಅಂಟಿಕೊಂಡು ಜೀವಕೋಶಗಳ ಒಳಗೆ ಹೋಗಲು ಅದಕ್ಕೇ ದಾರಿ ಮಾಡಿಕೊಡುತ್ತವೆ. ಆದ್ದರಿಂದಲೇ ಎರಡನೆಯ ಡೆಂಗಿ ಮೊದಲನೆಯದಕ್ಕಿಂತ ಕೆರಳುವ ಸಾಧ್ಯತೆ ಹೆಚ್ಚು. ಇವರ ರಕ್ತದಲ್ಲಿ ಜ್ವರದ ನಾಲ್ಕನೆಯ ದಿನವೇ ಹಳೆಯ ಸೋಂಕನ್ನು ತೋರಿಸುವ ಐಜಿಜಿ ಪ್ರತಿಕಾಯ ಪಾಸಿಟಿವ್ ಇತ್ತು. ನಮ್ಮ ಮನೆಯಲ್ಲಿ ಧೈರ್ಯದ ಕಾರಣವಾಗಿದ್ದ ಸಂಗತಿ ಕಾರ್ಡಿನಲ್ಲಿ ಅಪಾಯದ ಸಾಲಿನಲ್ಲಿತ್ತು.

ಗುರುತುಗಳನ್ನು ಎಣಿಸಿದರೆ ಆರು. ದಾಖಲಾಗಿ ಎಂದರು. ಅದೇ ಕಿಟಕಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಲಾರಿ ಚಾಲಕ ಹುಡುಗನ ಪ್ಲೇಟ್‌ಲೆಟ್ ಇವರಿಗಿಂತ ಕಡಿಮೆ ಇತ್ತು, 84,000. ಅವನ ಕಾರ್ಡಿನಲ್ಲಿ ಒಂದೂ ಗುರುತಿಲ್ಲ, ಚೆನ್ನಾಗಿ ನೀರು ಕುಡಿಯುತ್ತಿದ್ದ, ಮೂತ್ರ ಸರಿಯಾಗಿ ಹೋಗುತ್ತಿತ್ತು, ಅಣ್ಣನ ಮನೆ ಆಸ್ಪತ್ರೆಯ ಎದುರಿನ ರಸ್ತೆಯಲ್ಲೇ. ಅವನನ್ನು ಮನೆಗೆ ಕಳುಹಿಸಿ, ದಿನವೂ ಬೆಳಿಗ್ಗೆ ಬಂದು ರಕ್ತ ಕೊಟ್ಟು ಹೋಗಲು ಹೇಳಿದರು. ಇದನ್ನು ಕಂಡ ಮೇಲೆ ನನಗೆ ಆ ಘಟಕದ ಮೇಲೆ ನಂಬಿಕೆ ಬಂತು. ಹಾಸಿಗೆ ತುಂಬಿಸುವುದೇ ಉದ್ದೇಶವಾಗಿದ್ದರೆ ಅವನನ್ನು ಬಿಡುತ್ತಿರಲಿಲ್ಲ.

ಇವರ ಮಾತ್ರೆಗಳ ಪಟ್ಟಿ ನೋಡಿದ ವೈದ್ಯೆ ಮೊದಲು ಮಾಡಿದ ಕೆಲಸ ಮಂಗಳೂರಿನ ಹೃದಯ ವೈದ್ಯರಿಗೆ ಫೋನ್. ಸ್ಟೆಂಟ್ ಹಾಕಿ ಆರು ವರ್ಷವಾದ್ದರಿಂದ ಆಸ್ಪಿರಿನ್ ಅನ್ನು ಕೆಲವು ದಿನ ನಿಲ್ಲಿಸಬಹುದೆಂದು ಇಬ್ಬರೂ ಮಾತಾಡಿ ತೀರ್ಮಾನಿಸಿದರು. ಸ್ಟೆಂಟ್ ಇರುವವರು ಇದನ್ನು ಓದಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಹೊಸ ಸ್ಟೆಂಟ್ ಆಗಿದ್ದರೆ ಅದರ ಲೆಕ್ಕವೇ ಬೇರೆ ಎಂದು ಅವರು ಎರಡು ಸಲ ಹೇಳಿದ್ದರು. ಸಕ್ಕರೆಯ ಮೆಟ್ಫಾರ್ಮಿನ್ ನಿಲ್ಲಿಸಿ ಇನ್ಸುಲಿನ್ ಕೊಟ್ಟರು. ನಾನು ಶುಕ್ರವಾರ ಕೊಟ್ಟ ನೋವಿನ ಮಾತ್ರೆಯ ಖಾಲಿ ಹಾಳೆಯನ್ನು ತೋರಿಸಿದೆ. ಅವರು ನನ್ನನ್ನು ಬಯ್ಯಲಿಲ್ಲ. ಡೆಂಗಿಯ ಅನುಮಾನವಿದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಅದನ್ನೂ ಆರು ಗಂಟೆಯ ಅಂತರದಲ್ಲಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಯಾವುದೂ ಬೇಡ, ಅವು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು, ಸೊಂಟದ ಇಂಜೆಕ್ಷನ್ ಕೂಡ ಬೇಡ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಈಗಲೂ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಗಾಜಿನಡಿ ಇದೆ.

ಸೋಮವಾರದ ಮಾತು ಸ್ವಲ್ಪ ವಿವರವಾಗಿ ಬರೆಯಬೇಕು.

ಅಂದು ಬೆಳಿಗ್ಗೆ ಐದು ಗಂಟೆಗೆ ಜ್ವರ ಬಿಟ್ಟಿತು. ಹಣೆ ಮುಟ್ಟಿದರೆ ತಣ್ಣಗೆ. ನಾನು ಮನೆದೇವರಿಗೆ ಹರಕೆ ಹೇಳಿಕೊಂಡಿದ್ದೆ, ಅತ್ತೆಗೆ ಫೋನ್ ಮಾಡಿ ಜ್ವರ ಬಿಟ್ಟಿತು ಎಂದೆ. ಅವರು ಅತ್ತೇಬಿಟ್ಟರು. ನರ್ಸ್ ಥರ್ಮಾಮೀಟರ್ ನೋಡಿದವರು ನಗಲಿಲ್ಲ. ಕಾರ್ಡಿನಲ್ಲಿ ‘ಐದನೆಯ ದಿನ’ ಎಂಬ ಕಾಲಮ್ಮಿನ ಮೇಲೆ ಕೆಂಪು ಗೆರೆ ಎಳೆದು, ‘ಇವತ್ತಿನಿಂದ ನಾವು ಹೆಚ್ಚು ಸಲ ಬರುತ್ತೇವೆ ಅಕ್ಕಾ’ ಎಂದರು. ಅಲ್ಲಿಯವರೆಗೆ ನಾಲ್ಕು ಗಂಟೆಗೊಮ್ಮೆ ಬಿಪಿ ನೋಡುತ್ತಿದ್ದವರು ಗಂಟೆಗೊಮ್ಮೆ ನೋಡತೊಡಗಿದರು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಇಳಿಯುವ ಹೊತ್ತೇ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಅದು ಬರುತ್ತದೆ, 24ರಿಂದ 48 ಗಂಟೆ ಇರುತ್ತದೆ. ಆಗ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಹೊಟ್ಟೆಯಲ್ಲಿ, ಎದೆಯಲ್ಲಿ ನೀರು ಸೇರುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದನ್ನು ತೋರಿಸುವ ಅಂಕೆಗೆ ಪಿಸಿವಿ ಎನ್ನುತ್ತಾರೆ. ಊರೆಲ್ಲ ಪ್ಲೇಟ್‌ಲೆಟ್ ಪ್ಲೇಟ್‌ಲೆಟ್ ಎಂದು ಮಾತಾಡುತ್ತೇವೆ. ಈ ಮೂರಕ್ಷರವನ್ನು ನಾನು ಐವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕೇಳಿದೆ.

ಭಾನುವಾರ ಇವರ ಪಿಸಿವಿ 39, ಪ್ಲೇಟ್‌ಲೆಟ್ 96,000. ಸೋಮವಾರ ಬೆಳಿಗ್ಗೆ 42 ಮತ್ತು 58,000. ಹತ್ತು ಗಂಟೆಯ ಹೊತ್ತಿಗೆ ಇವರು ಬಲಪಕ್ಕೆಯ ಕೆಳಗೆ ಹೊಟ್ಟೆ ನೋವು ಎಂದರು. ಕುಡಿದ ಗಂಜಿ ವಾಂತಿಯಾಯಿತು, ಮತ್ತೆ ಕುಡಿಸಿದ್ದೂ ಹೋಯಿತು. ನಾನು ಬೇರೊಂದನ್ನೂ ಗಮನಿಸಿದೆ. ಮೂವತ್ತು ವರ್ಷಗಳಿಂದ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ ಅಂದು ಪಕ್ಕದಲ್ಲಿಟ್ಟ ಪತ್ರಿಕೆಯನ್ನು ಮಡಿಕೆ ಬಿಚ್ಚಲಿಲ್ಲ. ಕರೆದರೆ ಕಣ್ಣು ತೆರೆಯುವರು, ಮತ್ತೆ ಮುಚ್ಚುವರು. ಜ್ವರದ ಆಯಾಸ ಎಂದುಕೊಂಡೆ. ಕಾರ್ಡಿನ ಕೆಳಗೆ ಅಚ್ಚಾಗಿದ್ದ ಎಚ್ಚರಿಕೆಯ ಲಕ್ಷಣಗಳಲ್ಲಿ ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಉಸಿರಾಟದ ಕಷ್ಟ ಇವುಗಳ ಜೊತೆಗೆ ‘ಮಂಕು ಅಥವಾ ಚಡಪಡಿಕೆ’ ಎಂದೂ ಇತ್ತು. ಅದನ್ನು ಓದಿಯೇ ನಾನು ನರ್ಸನ್ನು ಕರೆದದ್ದು. ಓದದಿದ್ದರೆ ಮಲಗಲಿ ಎಂದು ಹೊದಿಕೆ ಹೊದಿಸುತ್ತಿದ್ದೆ.

ಮಧ್ಯಾಹ್ನ ನಾಲ್ಕು ಗಂಟೆಗೆ ಬಿಪಿ 112/88 ಬಂತು. ಇವರ ಬಿಪಿ ಮಾತ್ರೆ ತೆಗೆದುಕೊಂಡರೂ ಯಾವಾಗಲೂ 150ರ ಆಸುಪಾಸು. 112 ಎಂದಾಗ ನನಗೆ ಸಂತೋಷವೇ ಆಯಿತು. ವೈದ್ಯೆ ಓಡಿಬಂದರು. ಅವರು ಇವರ ಪಾದ ಮುಟ್ಟಿ ನೋಡಿದರು, ಉಗುರು ಒತ್ತಿ ಬಿಟ್ಟು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದರು. ಪಾದ ತಣ್ಣಗಿತ್ತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: ‘ಅಮ್ಮಾ, ಬೇರೆಯವರಿಗೆ 112 ಒಳ್ಳೆಯ ಬಿಪಿ. ನಿಮ್ಮವರಿಗೆ ಅದು ಇಳಿದ ಬಿಪಿ. ಮೇಲಿನ ಅಂಕೆಗೂ ಕೆಳಗಿನ ಅಂಕೆಗೂ ನಡುವೆ 24 ಮಾತ್ರ ಉಳಿದಿದೆ. ಅದು 20ಕ್ಕೆ ಬಂದರೆ ಆಘಾತದ ಹಂತ. ನಾಡಿ ಓಡಬೇಕಿತ್ತು, ಮೆಟೊಪ್ರೊಲಾಲ್ ಅದನ್ನು ಓಡಲು ಬಿಡುತ್ತಿಲ್ಲ, 74 ತೋರಿಸುತ್ತಿದೆ. ಅದನ್ನು ನೋಡಿ ನಾವು ಮೋಸಹೋಗಬಾರದು.’

ಅಪಾಯದ ಪ್ರಶ್ನೆಗಳನ್ನು ಮೊದಲೇ ಕೇಳುವುದರಿಂದ ಆಗುವ ಉಪಕಾರ ಏನೆಂದು ನನಗೆ ಆಗ ಅರ್ಥವಾಯಿತು. ಇವರ ಹಳೆಯ ಬಿಪಿ ಎಷ್ಟು, ಯಾವ ಮಾತ್ರೆ ನಾಡಿಯನ್ನು ಹಿಡಿದಿಡುತ್ತದೆ ಎಂಬುದು ಹಿಂದಿನ ದಿನವೇ ಕಾರ್ಡಿನಲ್ಲಿ ಬರೆದಿರದಿದ್ದರೆ 112/88, ನಾಡಿ 74, ಜ್ವರ ಇಲ್ಲ ಎಂಬ ಮೂರು ಅಂಕೆಗಳನ್ನು ನೋಡಿ ಯಾರು ಬೇಕಾದರೂ ‘ಗುಣವಾಗುತ್ತಿದ್ದಾರೆ’ ಎಂದು ಹೇಳಬಹುದಿತ್ತು. ನಾನಂತೂ ಹೇಳುತ್ತಿದ್ದೆ. ವಯಸ್ಸಾದವರಲ್ಲಿ ಕೆಲವು ಸಲ ಜ್ವರವೇ ಜೋರಾಗಿ ಬರುವುದಿಲ್ಲವಂತೆ, ಸುಸ್ತು ಮಾತ್ರ ಇರುತ್ತದಂತೆ.

ಆಗ ತೆಗೆದ ರಕ್ತದಲ್ಲಿ ಪಿಸಿವಿ 46. ಮೂವತ್ತೊಂಬತ್ತರಿಂದ ನಲವತ್ತಾರಕ್ಕೆ ಒಂದೇ ದಿನದಲ್ಲಿ. ಸ್ಕ್ಯಾನಿನಲ್ಲಿ ಪಿತ್ತಕೋಶದ ಗೋಡೆ ಊದಿತ್ತು, ಬಲ ಶ್ವಾಸಕೋಶದ ಸುತ್ತ ಸ್ವಲ್ಪ ನೀರು ಸೇರಿತ್ತು. ಡ್ರಿಪ್ ಹಾಕಿದರು. ತೂಕದ ಲೆಕ್ಕದಲ್ಲಿ, ಗಂಟೆಗೆ ಇಷ್ಟೇ ಎಂದು ಬರೆದು, ಗಂಟೆಗೊಮ್ಮೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮತ್ತೆ ಲೆಕ್ಕ ಬದಲಿಸಿ. ಹೃದಯದ ತೊಂದರೆ ಇರುವವರಿಗೆ ನೀರು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಸೋರಿದ ನೀರು ಎರಡು ದಿನದಲ್ಲಿ ತಾನಾಗಿಯೇ ರಕ್ತನಾಳಕ್ಕೆ ಮರಳುತ್ತದೆ, ಆಗಲೂ ಬಾಟಲಿ ಏರಿಸುತ್ತಲೇ ಇದ್ದರೆ ಶ್ವಾಸಕೋಶ ತುಂಬುತ್ತದೆ. ಮಂಗಳವಾರ ರಾತ್ರಿ ಡ್ರಿಪ್ ನಿಲ್ಲಿಸಿದಾಗ ನಮ್ಮ ಮೈದುನ ‘ಇನ್ನೂ ಎರಡು ಬಾಟಲಿ ಹಾಕಿಸಿ, ಶಕ್ತಿ ಬರಲಿ’ ಎಂದು ಜಗಳಕ್ಕೇ ನಿಂತಿದ್ದ. ಅವನಿಗೆ ಇದನ್ನೇ ತಾಳ್ಮೆಯಿಂದ ವಿವರಿಸಿದರು.

ಪ್ಲೇಟ್‌ಲೆಟ್ ವಿಷಯಕ್ಕೂ ಜಗಳವಾಗುವುದರಲ್ಲಿತ್ತು. ಮಂಗಳವಾರ ಅದು 22,000ಕ್ಕೆ ಇಳಿಯಿತು. ಬೆಂಗಳೂರಿನಿಂದ ಮಗ ಹೊರಟು ಬರುವಾಗಲೇ ದಾರಿಯುದ್ದಕ್ಕೂ ಫೋನ್ ಮಾಡಿ ಐದು ಜನ ರಕ್ತದಾನಿಗಳನ್ನು ಗೊತ್ತು ಮಾಡಿದ್ದ. ವೈದ್ಯೆ ಬೇಡ ಎಂದರು. ಒಸಡಿನಲ್ಲಿ ರಕ್ತವಿಲ್ಲ, ಮಲ ಕಪ್ಪಾಗಿಲ್ಲ, ಪಿಸಿವಿ 44ಕ್ಕೆ ಇಳಿಯುತ್ತಿದೆ, ಕೈಕಾಲು ಬೆಚ್ಚಗಾಗಿವೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಪ್ಲೇಟ್‌ಲೆಟ್ 20,000ಕ್ಕಿಂತ ಮೇಲೇರದ ವಯಸ್ಕರ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ರಕ್ತಸ್ರಾವ ಇಲ್ಲದವರಿಗೆ ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಹಾಕಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು ಎಂದು ಮಗನಿಗೆ ಹೇಳಿದರು. ಅವನು ಓದಿದವನು, ಸುಮ್ಮನಾದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬುಧವಾರ ಬೆಳಿಗ್ಗೆ 27,000, ಗುರುವಾರ 54,000, ಶುಕ್ರವಾರ ಮನೆಗೆ ಹೊರಡುವಾಗ 91,000. ಒಂದು ಚೀಲ ಪ್ಲೇಟ್‌ಲೆಟ್ ಕೂಡ ಹಾಕಲಿಲ್ಲ.

ಪಪ್ಪಾಯಿ ಎಲೆಯ ಬಗ್ಗೆ ಅಂಗಡಿಗೆ ಬರುವವರು ತಪ್ಪದೆ ಕೇಳುತ್ತಾರೆ. ನಾನೂ ಶನಿವಾರ ಅರೆದು ಕುಡಿಸಿದ್ದೆ, ಕಹಿ ತಾಳಲಾರದೆ ಇವರು ಅರ್ಧ ಚೆಲ್ಲಿದರು. ಘಟಕದವರು ಹೇಳಿದ್ದು ಇಷ್ಟು: ಅದು ಪ್ಲೇಟ್‌ಲೆಟ್ ಅಂಕೆಯನ್ನು ಸ್ವಲ್ಪ ಏರಿಸಿದರೂ ರಕ್ತನಾಳದ ಸೋರಿಕೆಯನ್ನು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ, ರಸ ಕುಡಿದು ವಾಂತಿಯಾದರೆ ಇರುವ ನೀರೂ ಹೋಗುತ್ತದೆ. ಗಂಜಿ ತಿಳಿ, ಓಆರ್‌ಎಸ್, ಮಜ್ಜಿಗೆ ಕೊಡಿ. ಎಳನೀರು ಒಳ್ಳೆಯದೇ, ಆದರೆ ಮೂತ್ರಪಿಂಡದ ಕೆಲಸ ತೋರಿಸುವ ಇವರ ಕ್ರಿಯಾಟಿನಿನ್ ಅಂಕೆ ಸ್ವಲ್ಪ ಏರಿದ್ದರಿಂದ ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡವೆಂದರು. ಎಳನೀರಿಗೂ ಮಿತಿ ಇರುತ್ತದೆಂದು ನಮ್ಮೂರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಪಕ್ಕದ ಹಾಸಿಗೆಯಲ್ಲಿ ಏಳು ತಿಂಗಳ ಗರ್ಭಿಣಿ ಒಬ್ಬಳಿದ್ದಳು. ಅವಳ ಪಿಸಿವಿ 33ರಿಂದ 38ಕ್ಕೆ ಹೋದಾಗಲೇ ಅವರು ಎಚ್ಚೆತ್ತರು. ಬಸುರಿಯರಲ್ಲಿ ರಕ್ತ ಮೊದಲೇ ತೆಳುವಾಗಿರುವುದರಿಂದ 38 ನೋಡಲು ಸಾಮಾನ್ಯ ಅಂಕೆಯಂತೆ ಕಂಡರೂ ಅವಳ ಲೆಕ್ಕದಲ್ಲಿ ಏರಿದ್ದೇ. ಅವಳೂ ಮಗುವೂ ಕ್ಷೇಮವಾಗಿ ಮನೆಗೆ ಹೋದರು. ಸೆಪ್ಟೆಂಬರಿನಲ್ಲಿ ನಾಮಕರಣದ ಕರೆಯೋಲೆ ಅಚ್ಚು ಹಾಕಿಸಲು ಅವಳ ಗಂಡ ನಮ್ಮ ಅಂಗಡಿಗೇ ಬಂದ.

ಕೊರತೆಗಳನ್ನೂ ಹೇಳಬೇಕು. ಕಿಟಕಿಯ ಮುಂದೆ ಕುಳಿತುಕೊಳ್ಳಲು ಎರಡೇ ಬೆಂಚು. ಜ್ವರದಲ್ಲಿ ನಡುಗುವವರು ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಜ್ವರ ಇರುವವರನ್ನು ಕಚ್ಚಿದ ಸೊಳ್ಳೆಯಿಂದ ಬೇರೆಯವರಿಗೆ ಹರಡಬಾರದೆಂದು ಪ್ರತಿ ಹಾಸಿಗೆಗೂ ಹಗಲಲ್ಲೂ ಸೊಳ್ಳೆ ಪರದೆ ಕಟ್ಟುತ್ತಾರೆ, ಬಹಳ ಒಳ್ಳೆಯ ಕ್ರಮ, ಆದರೆ ನಮ್ಮದು ಎರಡು ಕಡೆ ಹರಿದಿತ್ತು. ನಾನು ಸೂಜಿ ನೂಲು ಕೇಳಿ ಹೊಲಿದೆ. ರಾತ್ರಿ ಹತ್ತರ ನಂತರ ಪ್ರಯೋಗಾಲಯದಲ್ಲಿ ಒಬ್ಬನೇ ಹುಡುಗ, ಸೋಮವಾರ ರಾತ್ರಿಯ ಪಿಸಿವಿ ವರದಿಗೆ ಒಂದೂವರೆ ಗಂಟೆ ಕಾಯಬೇಕಾಯಿತು. ಆ ಒಂದೂವರೆ ಗಂಟೆಯನ್ನು ನಾನು ಕ್ಷಮಿಸಿಲ್ಲ. ಕ್ಯಾಂಟೀನಿನ ಗಂಜಿಗೆ ಉಪ್ಪಿಲ್ಲ, ಚಟ್ನಿ ಕೇಳಿದರೆ ಕೊಡುತ್ತಾರೆ. ಆರು ದಿನಗಳ ಒಟ್ಟು ಬಿಲ್ 31,400 ರೂಪಾಯಿ. ಒಂದೊಂದು ಪರೀಕ್ಷೆಯ ದರವೂ ಬೇರೆ ಬೇರೆಯಾಗಿ ಬರೆದಿತ್ತು, ಡೆಂಗಿ ಪರೀಕ್ಷೆಗೆ ಸರ್ಕಾರದ ದರವೇ ಇತ್ತು.

ಈಗ ಕಾರ್ಡಿನ ಬಗ್ಗೆ, ನನ್ನ ವೃತ್ತಿಯ ಮಾತು. ವಿಷಯಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ಅಚ್ಚಿಗೆ ಕೊಡಲಾರೆ. ನುಣುಪಾದ ಆರ್ಟ್ ಕಾರ್ಡಿನಲ್ಲಿ ಮಾಡಿದ್ದಾರೆ, ಬಾಲ್ ಪೆನ್ನಿನ ಶಾಯಿ ಅದರ ಮೇಲೆ ಹಿಡಿಯುವುದಿಲ್ಲ, ಒದ್ದೆ ಕೈ ತಾಗಿದರೆ ಅಂಕೆ ಕಲಸಿಹೋಗುತ್ತದೆ. ಇವರ ಕಾರ್ಡಿನಲ್ಲಿ ಸೋಮವಾರ ಮಧ್ಯಾಹ್ನ ಎರಡರ ಬಿಪಿ ಹೀಗೆಯೇ ಅಳಿಸಿಹೋಗಿತ್ತು. ಅಕ್ಷರ 8 ಪಾಯಿಂಟ್. ರಾತ್ರಿ ವಾರ್ಡಿನ ಮಂದ ಬೆಳಕಿನಲ್ಲಿ ಕನ್ನಡಕ ಹಾಕಿದರೂ ಓದಲು ಕಷ್ಟ. ‘ಪಿಸಿವಿ’ ಎಂದು ಬರೆದಿದೆ, ಅದೇನೆಂದು ಒಂದು ಸಾಲಿನ ವಿವರಣೆ ಇಲ್ಲ. ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಹೆಸರಿಗೆ ಜಾಗವೇ ಇಲ್ಲ, ನರ್ಸ್ ಅಂಚಿನಲ್ಲಿ ಓರೆಯಾಗಿ ಬರೆದಿದ್ದರು. ಎಲ್ಲಕ್ಕಿಂತ ದೊಡ್ಡ ತಪ್ಪು, ಆ ಪ್ರಶ್ನೆಗಳು ಹಿಂಬದಿಯಲ್ಲಿವೆ. ಮುಂಬದಿಯಲ್ಲಿ ಆಸ್ಪತ್ರೆಯ ಲಾಂಛನ ಮತ್ತು ಧರ್ಮದರ್ಶಿಗಳ ಹೆಸರು.

ಬಿಲ್ ಕಟ್ಟುವಾಗ ಇದನ್ನು ವೈದ್ಯೆಗೆ ಹೇಳಿದೆ. ಅವರು ‘ನೀವೇ ಮಾಡಿಕೊಡಿ’ ಎಂದರು. ಆಗಸ್ಟಿನಲ್ಲಿ ಹೊಸದಾಗಿ ಜೋಡಿಸಿದೆ: ಒರಟು ಮೈಯ ಹಳದಿ ಬೋರ್ಡು, 14 ಪಾಯಿಂಟ್ ಅಕ್ಷರ, ಮುಂಬದಿಯಲ್ಲಿ ಪ್ರಶ್ನೆಗಳು, ಅವುಗಳ ಕೆಳಗೆ ‘ಜ್ವರ ಬರುವ ಮೊದಲು ಬಿಪಿ ಎಷ್ಟಿರುತ್ತಿತ್ತು’ ಎಂಬ ಸಾಲು, ಮಾತ್ರೆಗಳಿಗೆ ಆರು ಗೆರೆ. ಲಾಂಛನ ಹಿಂಬದಿಗೆ ಹೋಯಿತು, ಧರ್ಮದರ್ಶಿಗಳು ಒಪ್ಪಿದರು. 2,000 ಪ್ರತಿ ಅಚ್ಚು ಹಾಕಿ ಕಾಗದದ ಬೆಲೆ ಮಾತ್ರ ತೆಗೆದುಕೊಂಡೆ.

ಹೋಗುವವರಿಗೆ ಎರಡು ಮಾತು. ಜ್ವರದ ಕಿಟಕಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ರಾತ್ರಿ ಒಂಬತ್ತರ ನಂತರ ತುರ್ತು ವಿಭಾಗದ ಕಡೆಯಿಂದ ಹೋಗಬೇಕು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹಾಳೆಗಳನ್ನು, ಖಾಲಿಯಾದವುಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ಜ್ವರ ಯಾವ ದಿನ, ಎಷ್ಟು ಗಂಟೆಗೆ ಶುರುವಾಯಿತೆಂದು ಬರೆದಿಟ್ಟುಕೊಳ್ಳಿ, ಅವರು ದಿನ ಎಣಿಸುವುದು ಅಲ್ಲಿಂದಲೇ. ಮೂತ್ರ ಅಳೆಯುವ ಜಗ್ಗನ್ನು ಅವರೇ ಕೊಡುತ್ತಾರೆ. ನಮಗೆ ಕೊಟ್ಟದ್ದರಲ್ಲಿ 200 ಮಿಲಿಲೀಟರಿನ ಗೆರೆ ಅಳಿಸಿತ್ತು, ಪೆನ್ನಿನಿಂದ ಮತ್ತೆ ಎಳೆದುಕೊಟ್ಟಿದ್ದೇನೆ.